ಮಿಲ್ಲಿನ ಊರು, ಹಿತ್ತಾಳೆಯ ಬ್ಯಾಂಡು: ಬ್ಲ್ಯಾಕ್ ಡೈಕ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ಹಳೇ ಹಿತ್ತಾಳೆ ಬ್ಯಾಂಡುಗಳ ಹುಚ್ಚು ನನಗೆ ಹತ್ತಿ ಬಹಳ ವರ್ಷವಾಯಿತು. ಮನೆಗೆ ಬಂದವರು, ಫೋನ್ ಮಾಡಿದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಹೇಳಿದ್ದನ್ನೇ ಹೇಳಿ ನನಗೂ ಸಾಕಾಗಿದೆ, ಕೇಳಿದ್ದನ್ನೇ ಕೇಳಿ ಮನೆಯವರಿಗೂ ಸಾಕಾಗಿದೆ. ಹಾಗಾಗಿ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ಮಾತು ಬಹುತೇಕ ಒಂದೇ ಊರಿನ ಒಂದೇ ಬ್ಯಾಂಡಿನದು, ಬ್ಲ್ಯಾಕ್ ಡೈಕ್‌ನದು. ಮಧ್ಯೆ ಅಕ್ಕಪಕ್ಕದ ಊರುಗಳೂ ಇಣುಕುತ್ತವೆ, ಯಾಕೆಂದರೆ ಎದುರಾಳಿ ಇಲ್ಲದೆ ಈ ಬ್ಯಾಂಡುಗಳ ಕತೆಯೇ ಇಲ್ಲ.

ಇದು ಯಾವ ಊರಿನ ಬ್ಯಾಂಡ್?

ಕ್ವೀನ್ಸ್‌ಬರಿ. ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ, ಬ್ರಾಡ್‌ಫರ್ಡ್ ಮತ್ತು ಹ್ಯಾಲಿಫ್ಯಾಕ್ಸ್ ಎಂಬ ಎರಡು ಉಣ್ಣೆ ಪಟ್ಟಣಗಳ ನಡುವೆ, ಗುಡ್ಡದ ನೆತ್ತಿಯ ಮೇಲಿರುವ ಊರು. ಸಮುದ್ರಮಟ್ಟದಿಂದ 300 ಮೀಟರಿಗೂ ಮೇಲೆ. ನಮ್ಮ ಲೆಕ್ಕದಲ್ಲಿ ಅದೇನು ಎತ್ತರ ಅನ್ನಬಹುದು. ಆದರೆ ಅಲ್ಲಿನ ಗಾಳಿ, ಮಳೆ, ಚಳಿಗೆ ಅಷ್ಟು ಎತ್ತರ ಧಾರಾಳವಾಗಿ ಸಾಕು.

1863ರವರೆಗೆ ಈ ಊರಿನ ಹೆಸರು ಕ್ವೀನ್ಸ್‌ಹೆಡ್. ಅಲ್ಲಿದ್ದ ಒಂದು ಪಬ್ಬಿನ ಹೆಸರೇ ಊರಿಗೂ ಅಂಟಿಕೊಂಡಿತ್ತು. 1863ರಲ್ಲಿ ಊರವರು ಸಭೆ ಸೇರಿ ಕ್ವೀನ್ಸ್‌ಬರಿ ಅಂತ ಬದಲಾಯಿಸಿಕೊಂಡರು. ಪಬ್ಬಿನಿಂದ ಹೆಸರು ಪಡೆದ ಊರಿನ ಬ್ಯಾಂಡೂ ಪಬ್ಬಿನಲ್ಲೇ ಹುಟ್ಟಿತು.

ಶುರು ಮಾಡಿದ್ದು ಯಾರು? ಯಾವಾಗ?

1816ರಲ್ಲಿ, ಪೀಟರ್ ವಾರ್ಟನ್ ಎಂಬ ಪಬ್ ಮಾಲೀಕ. ಅವನ ಪಬ್ಬಿನ ಹೆಸರು ಓಲ್ಡ್ ಡಾಲ್ಫಿನ್. ವಾಟರ್ಲೂ ಯುದ್ಧ ಮುಗಿದು ಒಂದು ವರ್ಷವಾಗಿತ್ತು. ಯುದ್ಧದ ಕಾಲದಲ್ಲಿ ಊರೂರಿನ ದಳಗಳಿಗೆ ಸಣ್ಣ ಸಣ್ಣ ಬ್ಯಾಂಡುಗಳಿದ್ದವು, ವಾದ್ಯ ಹಿಡಿಯಲು ಬರುವ ಜನ ಹಳ್ಳಿಗಳಲ್ಲೂ ಇದ್ದರು. ಪಬ್ಬಿನವನಿಗೆ ಬ್ಯಾಂಡ್ ಇದ್ದರೆ ಲಾಭವೇ. ಊದುವವರಿಗೆ ಬಾಯಾರುತ್ತದೆ, ಕೇಳಲು ಬಂದವರಿಗೂ ಬಾಯಾರುತ್ತದೆ.

ಆ ಬ್ಯಾಂಡಿನಲ್ಲಿ ಫ್ರೆಂಚ್ ಹಾರ್ನ್ ನುಡಿಸುತ್ತಿದ್ದವರಲ್ಲಿ ಜಾನ್ ಫಾಸ್ಟರ್ ಎಂಬ ಹುಡುಗನೂ ಇದ್ದ. ಹುಟ್ಟಿದ್ದು 1798ರಲ್ಲಿ. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಆಗಲೂ ಎಲ್ಲ ಹಿತ್ತಾಳೆ ವಾದ್ಯಗಳೇ ಇದ್ದವಾ?

ಇಲ್ಲ. ಕ್ಲಾರಿನೆಟ್, ಕೊಳಲು, ಬಸೂನ್, ಜೊತೆಗೆ ಒಂದೆರಡು ಹಾರ್ನ್, ಬ್ಯೂಗಲ್: ಕೈಗೆ ಸಿಕ್ಕಿದ್ದನ್ನೆಲ್ಲ ಸೇರಿಸಿ ಮಾಡಿದ ಮೇಳ. ಆ ಕಾಲದ ಬ್ಯಾಂಡುಗಳಲ್ಲಿ ತಳಸ್ವರಕ್ಕೆ ಸರ್ಪೆಂಟ್ ಎಂಬ ವಾದ್ಯ ಬಳಸುತ್ತಿದ್ದರು. ಮರದ ಕೊಳವೆಗೆ ಚರ್ಮ ಸುತ್ತಿ, ಹಾವಿನ ಹಾಗೆ ಬಳುಕಿಸಿ ಮಾಡಿದ್ದು. ನೋಡಲು ಚೆಂದ. ನುಡಿಸುವವನ ಕಷ್ಟ ಅವನಿಗೇ ಗೊತ್ತು.

ಮತ್ತೆ ಹಿತ್ತಾಳೆಗೆ ಬಂದಿದ್ದು ಹೇಗೆ?

ಇಡೀ ಕತೆಯ ಜೀವ ಇಲ್ಲಿದೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕಹಳೆಯಂಥ ಸಾದಾ ಹಿತ್ತಾಳೆ ಕೊಳವೆ ತೆಗೆದುಕೊಳ್ಳಿ. ಅದರಲ್ಲಿ ಬೇಕಾದ ಸ್ವರವೆಲ್ಲ ಬರುವುದಿಲ್ಲ. ತುಟಿ ಬಿಗಿ ಮಾಡುತ್ತ ಹೋದರೆ ಕೆಳಗಿನಿಂದ ಸ, ಮೇಲಿನ ಸ, ಪ, ಮತ್ತೆ ಸ, ಗ, ಪ, ಹೀಗೆ ಮೆಟ್ಟಿಲು ಹಾರಿ ಹಾರಿ ಹೋಗುತ್ತದೆ. ನಡುವಿನ ರಿ, ಮ, ದ ಬೇಕು ಅಂದರೆ ಕೊಳವೆಯ ಉದ್ದವನ್ನೇ ಬದಲಿಸಬೇಕು. ಡಬ್ಲಿನ್‌ನ ಜೋಸೆಫ್ ಹ್ಯಾಲಿಡೇ 1810ರಲ್ಲಿ ಬ್ಯೂಗಲ್‌ಗೆ ತೂತು ಕೊರೆದು ಕೀಲಿಗಳನ್ನು ಕೂರಿಸಿ ಪೇಟೆಂಟ್ ಪಡೆದ. ಅದು ಚೆನ್ನಾಗಿಯೇ ಓಡಿತು. ಅದರ ದೊಡ್ಡಣ್ಣನ ಹಾಗೆ ಆಫಿಕ್ಲೈಡ್ ಬಂತು. ಆದರೂ ಒಂದು ಸ್ವರ ತುಂಬಿ ಬಂದರೆ ಪಕ್ಕದ್ದು ನೆಗಡಿ ಹಿಡಿದಂತೆ ಬರುತ್ತಿತ್ತು.

ಇದಕ್ಕೆ ಮದ್ದು ಸಿಕ್ಕಿದ್ದು ಜರ್ಮನಿಯಲ್ಲಿ. ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ ಎಂಬಿಬ್ಬರು 1818ರಲ್ಲಿ ವಾಲ್ವಿಗೆ ಪೇಟೆಂಟ್ ಪಡೆದರು. ಗುಂಡಿ ಒತ್ತಿದರೆ ಗಾಳಿ ಒಂದು ಬಳಸುದಾರಿ ಹಿಡಿದು ಹೋಗುತ್ತದೆ, ಕೊಳವೆ ಅಷ್ಟು ಉದ್ದವಾದಂತೆ. ಆಮೇಲೆ ರೂಢಿಗೆ ಬಂದದ್ದು ಮೂರು ಗುಂಡಿ. ನಡುವಿನದು ಸ್ವರವನ್ನು ಅರ್ಧ ಹೆಜ್ಜೆ ಇಳಿಸುತ್ತದೆ, ಮೊದಲನೆಯದು ಒಂದು ಹೆಜ್ಜೆ, ಮೂರನೆಯದು ಒಂದೂವರೆ. ಮೂರು ಬೆರಳಿನ ಈ ಕೂಡುವ ಲೆಕ್ಕದಲ್ಲಿ ಎಲ್ಲ ಸ್ವರವೂ ಬಂದುಬಿಟ್ಟವು. 1840ರ ದಶಕದಲ್ಲಿ ಅಡಾಲ್ಫ್ ಸ್ಯಾಕ್ಸ್ ಪ್ಯಾರಿಸ್‌ನಲ್ಲಿ ಸಣ್ಣದರಿಂದ ದೊಡ್ಡದರವರೆಗೆ ಒಂದೇ ಜಾತಿಯ ವಾದ್ಯಗಳ ಸಂಸಾರವನ್ನೇ ಮಾಡಿದ. ಅವೇ ಸ್ಯಾಕ್ಸ್‌ಹಾರ್ನ್‌ಗಳು. ಜಾನ್ ಡಿಸ್ಟಿನ್ ಮತ್ತು ಅವನ ನಾಲ್ಕು ಮಕ್ಕಳ ತಂಡ 1844ರಲ್ಲಿ ಪ್ಯಾರಿಸ್‌ನಲ್ಲಿ ಇವನ್ನು ಕಂಡು, ಬ್ರಿಟನ್ನಿಗೆ ತಂದು ಊರೂರು ತಿರುಗಿ ನುಡಿಸಿತು. ಡಿಸ್ಟಿನ್ ಕುಟುಂಬ ವಾದ್ಯ ಮಾರುವ ವ್ಯಾಪಾರವನ್ನೂ ಮಾಡುತ್ತಿತ್ತು. ಕಚೇರಿಗೆ ಕಚೇರಿ, ಜಾಹೀರಾತಿಗೆ ಜಾಹೀರಾತು.

ಇನ್ನೊಂದು ಅನುಕೂಲ ನಮ್ಮವರಿಗೆ ಬೇಗ ಅರ್ಥವಾಗುತ್ತದೆ. ಟ್ರಂಪೆಟ್ಟಿನಂಥ ಸಣ್ಣ ಕಾರ್ನೆಟ್‌ನಿಂದ ಹೆಗಲ ಮೇಲೆ ಹೊರುವಂಥ ಬೇಸ್‌ವರೆಗೆ ಬೆರಳಿನ ಲೆಕ್ಕ ಒಂದೇ. ಬರೆದುಕೊಡುವ ಸ್ವರಲಿಪಿಯೂ ಬಹುಮಟ್ಟಿಗೆ ಒಂದೇ ರೀತಿ ಇರುತ್ತದೆ. ಯಾವ ಶ್ರುತಿಗೆ ಹಾಡಿದರೂ ನಾವು ಸ-ವನ್ನು ಸ ಅಂತಲೇ ಕರೆಯುತ್ತೇವಲ್ಲ, ಹಾಗೆ. ಕಾರ್ನೆಟ್ ನುಡಿಸುವವನು ಬಿಟ್ಟುಹೋದರೆ ಹಾರ್ನ್‌ನವನನ್ನು ಎಬ್ಬಿಸಿ ಅಲ್ಲಿ ಕೂರಿಸಬಹುದಿತ್ತು. ಟ್ರಾಂಬೋನ್ ಒಂದು ಮಾತ್ರ ಜಾರುಕೊಳವೆಯ ಬೇರೆ ಲೆಕ್ಕ. ಕ್ಲಾರಿನೆಟ್‌ನವನು ಹೋದರೆ ಇನ್ನೊಬ್ಬ ಕ್ಲಾರಿನೆಟ್‌ನವನನ್ನೇ ಹುಡುಕಬೇಕು. ಸಣ್ಣ ಊರಿನ ಬ್ಯಾಂಡಿಗೆ ಇದು ಉಳಿವಿನ ಪ್ರಶ್ನೆ.

ಅಂದರೆ ಕಲಿಯುವುದು ಅಷ್ಟು ಸುಲಭವಾ?

ಬೆರಳಿಗೆ ಸುಲಭ, ತುಟಿಗೆ ಅಲ್ಲ. ನಮ್ಮೂರಿನ ಬ್ಯಾಂಡ್ ಸೆಟ್ಟಿನ ಅಜ್ಜ ಒಬ್ಬರು ಒಂದು ಮದುವೆ ದಿಬ್ಬಣ ಹೊರಡುವ ಮುಂಚೆ ಟ್ರಂಪೆಟ್ಟನ್ನು ಸುಮ್ನೆ ನನ್ನ ಕೈಗೆ ಕೊಟ್ಟು "ಊದು ನೋಡಣ" ಅಂದಿದ್ದರು. ಹತ್ತು ನಿಮಿಷ ಊದಿದೆ. ಸೈಕಲ್ ಟ್ಯೂಬಿನಿಂದ ಗಾಳಿ ಹೋದ ಹಾಗೆ ಪುಸ್ ಅಂತ ಬಂತು. "ಗಾಳಿ ಅಲ್ಲಪ್ಪಾ, ತುಟಿ ನಡುಗಬೇಕು" ಅಂತ ಅವರೇ ತುಟಿ ಕೂಡಿಸಿ ನೊಣದ ಹಾಗೆ ಝುಂಯ್ ಅನಿಸಿ ತೋರಿಸಿದರು. ಆಮೇಲೆ ಒಂದು ಸ್ವರ ಬಂತು, ಕರುವಿನ ಕೂಗಿನ ಹಾಗೆ. ಮಧ್ಯಾಹ್ನ ಊಟಕ್ಕೆ ಕೂತಾಗ ಸಾರಿನ ಖಾರ ತುಟಿಗೆ ತಾಗಿ ಕಣ್ಣಲ್ಲಿ ನೀರು. ಅವರು ಮಾತ್ರ ವಾದ್ಯವನ್ನು ಓರೆ ಮಾಡಿ, ಕೆಳಗಿನ ಪುಟ್ಟ ಕೀಲಿ ಒತ್ತಿ, ಒಳಗೆ ಸೇರಿದ್ದ ನೀರನ್ನು ನೆಲಕ್ಕೆ ಚೆಲ್ಲಿ, ಏನೂ ಆಗದವರಂತೆ ಮುಂದಿನ ಹಾಡಿಗೆ ಹೋದರು.

ಜಾನ್ ಫಾಸ್ಟರ್ ಏನಾದ?

ದೊಡ್ಡ ಮಿಲ್ ಧಣಿಯಾದ. 1819ರಲ್ಲಿ ಉಣ್ಣೆಯ ವ್ಯಾಪಾರ ಹಿಡಿದ. ಮೊದಲಿಗೆ ನೂಲು ಕೊಟ್ಟು ಮನೆಮನೆಯ ಕೈಮಗ್ಗದಲ್ಲಿ ನೇಯಿಸಿ ಮಾರುವುದು. 1835ರಲ್ಲಿ ಊರಿನ ನಡುವೆಯೇ ಬ್ಲ್ಯಾಕ್ ಡೈಕ್ ಮಿಲ್ಸ್ ಏಳತೊಡಗಿತು. ದಕ್ಷಿಣ ಅಮೆರಿಕದ ಅಲ್ಪಾಕಾ ಎಂಬ ಪ್ರಾಣಿಯ ಉಣ್ಣೆ, ಅಂಗೋರಾ ಮೇಕೆಯ ಮೊಹೇರ್, ಇವೆರಡರಲ್ಲಿ ಇವರದ್ದು ಎತ್ತಿದ ಕೈ. 1851ರ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಬಹುಮಾನವೂ ಬಂತು.

ಅತ್ತ ಪಬ್ಬಿನ ಬ್ಯಾಂಡ್ ಏಳುತ್ತ ಬೀಳುತ್ತ ಸಾಗಿತ್ತು. 1830ರ ದಶಕದಲ್ಲಿ ಅದನ್ನು ಮತ್ತೆ ಕಟ್ಟಿ ಕ್ವೀನ್ಸ್‌ಹೆಡ್ ಬ್ಯಾಂಡ್ ಅಂತ ಹೆಸರಿಟ್ಟರು. 1850ರ ಹೊತ್ತಿಗೆ ಮತ್ತೆ ಸೊರಗಿತು. ಆಗ ಹಳೇ ಹಾರ್ನ್ ವಾದಕ ಮಧ್ಯೆ ಬಂದ.

1855ರಲ್ಲಿ ಸರಿಯಾಗಿ ಏನಾಯಿತು?

ಫಾಸ್ಟರ್ ಬ್ಯಾಂಡನ್ನು ಮಿಲ್ಲಿನ ಬ್ಯಾಂಡ್ ಮಾಡಿಕೊಂಡ. ಹೊಸ ವಾದ್ಯ ಕೊಡಿಸಿದ. ಹೇಳಿಕೊಡಲು ಮೇಷ್ಟ್ರನ್ನು ನೇಮಿಸಿದ. ಅಭ್ಯಾಸಕ್ಕೆ ಜಾಗ ಕೊಟ್ಟ. ಮಿಲ್ಲಿನಲ್ಲೇ ನೇಯ್ದ ಬಟ್ಟೆಯಲ್ಲಿ ಯೂನಿಫಾರಂ ಹೊಲಿಸಿದ. ವಾದಕರಲ್ಲಿ ಬಹುತೇಕರು ಅವನ ಮಿಲ್ಲಿನಲ್ಲೇ ದುಡಿಯುವವರು. ಕೆಲಸ ಇಲ್ಲದವರಿಗೆ ಅಲ್ಲೇ ಕೆಲಸ ಸಿಕ್ಕಿತು. ಅಂದಿನಿಂದ ಬ್ಲ್ಯಾಕ್ ಡೈಕ್ ಮಿಲ್ಸ್ ಬ್ಯಾಂಡ್.

ಗಮನಿಸಿ, ಊರಿನ ಹೆಸರು ಹೋಗಿ ಮಿಲ್ಲಿನ ಹೆಸರು ಬಂತು. ಊರವರು ಏನಂದುಕೊಂಡರೋ. ನನಗಂತೂ ಅಲ್ಲಿ ಒಂದು ಚೂರು ಮುಳ್ಳು ಚುಚ್ಚುತ್ತದೆ.

ಧಣಿಗೆ ಇದರಿಂದ ಏನು ಲಾಭ? ಸುಮ್ಮನೆ ದುಡ್ಡು ಸುರಿಯುತ್ತಾರಾ?

ಯಾರೂ ಸುರಿಯುವುದಿಲ್ಲ. ಬ್ಯಾಂಡ್ ಗೆದ್ದ ಕಡೆಯಲ್ಲೆಲ್ಲ ಮಿಲ್ಲಿನ ಹೆಸರು ಮೊಳಗುತ್ತದೆ, ಮೈಮೇಲೆ ಮಿಲ್ಲಿನದೇ ಬಟ್ಟೆ. 1830, 40ರ ದಶಕಗಳಲ್ಲಿ ಆ ಸೀಮೆಯ ಕಾರ್ಮಿಕರು ಮತದಾನದ ಹಕ್ಕಿಗಾಗಿ, ಕೆಲಸದ ಗಂಟೆ ಕಡಿಮೆ ಮಾಡಿಸಲು ಬೀದಿಗಿಳಿದಿದ್ದರು. ಸಂಜೆ ಹೊತ್ತು ಸಭೆಗೆ ಹೋಗುವ ಬದಲು ಕಾರ್ನೆಟ್ ಹಿಡಿದು ಕೂತರೆ ಧಣಿಗಳಿಗೆ ನೆಮ್ಮದಿ. ಸಂಗೀತ ಜನರನ್ನು ಕುಡಿತದಿಂದ ದೂರ ಇಡುತ್ತದೆ ಅನ್ನುವ ನಂಬಿಕೆಯೂ ಆಗ ಜೋರಾಗಿತ್ತು. ಬ್ಯಾಂಡಿನವರನ್ನು ಹತ್ತಿರದಿಂದ ಬಲ್ಲವರು ಇದನ್ನು ನಂಬಿದ್ದರೋ ಇಲ್ಲವೋ, ಅದು ಬೇರೆ ಮಾತು.

ಇಷ್ಟೆಲ್ಲ ಲೆಕ್ಕಾಚಾರ ಇದ್ದರೂ ಫಾಸ್ಟರ್ ವಿಷಯದಲ್ಲಿ ನಾನು ಸ್ವಲ್ಪ ಮೆತ್ತಗಾಗುತ್ತೇನೆ. ಹದಿನೆಂಟರ ಹರೆಯದಲ್ಲಿ ಪಬ್ಬಿನ ಬ್ಯಾಂಡಿನಲ್ಲಿ ಹಾರ್ನ್ ಊದಿದವನು ಐವತ್ತೇಳನೇ ವಯಸ್ಸಿನಲ್ಲಿ ಅದೇ ಬ್ಯಾಂಡನ್ನು ಎತ್ತಿ ನಿಲ್ಲಿಸಿದ. ಬರೀ ಜಾಹೀರಾತು ಬೇಕಿದ್ದರೆ ಅದಕ್ಕಿಂತ ಅಗ್ಗದ ದಾರಿ ಇದ್ದವು.

ಬ್ಯಾಂಡಿನವರಿಗೆ ಸಂಬಳ ಇತ್ತಾ?

ನುಡಿಸುವುದಕ್ಕೆ ಅಂತ ಇಲ್ಲ. ಸಂಬಳ ಮಿಲ್ಲಿನ ಕೆಲಸಕ್ಕೆ. ಹಗಲು ಕೆಲಸ, ಸಂಜೆ ಅಭ್ಯಾಸ. ಆದರೆ ಒಳ್ಳೇ ಕಾರ್ನೆಟ್ ವಾದಕನಿಗೆ ಮಿಲ್ಲುಗಳಲ್ಲಿ ಕೆಲಸ ಬೇಗ ಸಿಗುತ್ತಿತ್ತು ಅನ್ನುವುದು ಗುಟ್ಟೇನಲ್ಲ. ನಮ್ಮಲ್ಲಿ ಕ್ರಿಕೆಟ್, ಕಬಡ್ಡಿ ಆಡುವವರನ್ನು ಬ್ಯಾಂಕು, ರೈಲ್ವೆಯವರು ಕೆಲಸಕ್ಕೆ ಸೇರಿಸಿಕೊಳ್ಳುತ್ತಿದ್ದರಲ್ಲ, ಹೆಚ್ಚುಕಡಿಮೆ ಹಾಗೆ. ಸ್ಪರ್ಧೆಯ ಮುಂಚೆ ಪಕ್ಕದ ಊರಿನ ವಾದಕನನ್ನು "ಎರವಲು" ತರುವುದೂ ಇತ್ತು. ಅದಕ್ಕಾಗಿ ಜಗಳಗಳೂ ಧಾರಾಳವಾಗಿದ್ದವು.

ದಿನವಿಡೀ ದುಡಿದು ಯಾವಾಗ ಅಭ್ಯಾಸ ಮಾಡುತ್ತಿದ್ದರು?

ಕಾನೂನು ಸ್ವಲ್ಪ ಕೈಹಿಡಿಯಿತು. 1847ರ ಕಾಯ್ದೆ ಹೆಂಗಸರು ಮತ್ತು ಹದಿಹರೆಯದವರ ದುಡಿಮೆಯನ್ನು ದಿನಕ್ಕೆ ಹತ್ತು ಗಂಟೆಗೆ ಇಳಿಸಿತು. 1850ರ ಕಾಯ್ದೆ ಅವರಿಗೆ ಶನಿವಾರ ಮಧ್ಯಾಹ್ನ ಎರಡಕ್ಕೆ ಕೆಲಸ ನಿಲ್ಲಿಸಬೇಕು ಅಂದಿತು. ಅವರಿಲ್ಲದೆ ಮಿಲ್ ಓಡದು, ಹೀಗಾಗಿ ಗಂಡಸರಿಗೂ ಬಿಡುವು ಸಿಕ್ಕಿತು. ಉತ್ತರ ಇಂಗ್ಲೆಂಡಿನ ಬ್ಯಾಂಡೂ ಫುಟ್‌ಬಾಲೂ ಬೆಳೆದದ್ದು ಈ ಅರ್ಧ ಶನಿವಾರದ ಗೊಬ್ಬರದಲ್ಲೇ.

ಹೆಂಗಸರು ಬ್ಯಾಂಡಿನಲ್ಲಿ ಇದ್ದರಾ?

ಬ್ಲ್ಯಾಕ್ ಡೈಕ್‌ನಲ್ಲಿ ಆ ಶತಮಾನದಲ್ಲಿ ಇಲ್ಲ. ಯೂನಿಫಾರಂನ ಬಟ್ಟೆ ಹೊರಬರುತ್ತಿದ್ದ ಮಿಲ್ಲುಗಳಲ್ಲಿ ಮಾತ್ರ ಬೇಕಾದಷ್ಟು ಜನ ಇದ್ದರು.

ಎಲ್ಲ ಬ್ಯಾಂಡುಗಳಿಗೂ ಹೀಗೆ ಧಣಿ ಇದ್ದನಾ?

ಇಲ್ಲ, ಧಣಿ ಇದ್ದವೇ ಕಡಿಮೆ. ಮ್ಯಾಂಚೆಸ್ಟರ್ ಹತ್ತಿರದ ಬೆಸ್ಸಸ್ ಓ' ತ್' ಬಾರ್ನ್ ಬ್ಯಾಂಡಿನ ಹಿಂದೆ ಯಾವ ಮಿಲ್ಲೂ ಇರಲಿಲ್ಲ. ಊರಿನ ವಂತಿಗೆ, ಗೆದ್ದ ಬಹುಮಾನದ ದುಡ್ಡು, ಮೆರವಣಿಗೆಗಳಲ್ಲಿ ನುಡಿಸಿ ಬಂದ ಕಾಸು, ಇಷ್ಟರಲ್ಲೇ ನಡೆದು ಬ್ಲ್ಯಾಕ್ ಡೈಕ್‌ಗೆ ಸಮನಾಗಿ ನಿಂತಿತು. ಮಾಸ್ಲಿ ಎಂಬಲ್ಲಿ ಮದ್ಯಪಾನ ವಿರೋಧಿ ಸಂಘದವರು ಬ್ಯಾಂಡ್ ಕಟ್ಟಿದರು. ಇನ್ನೊಂದು ತುದಿಯಲ್ಲಿ ವೇಲ್ಸ್‌ನ ಮರ್ಥರ್ ಟಿಡ್‌ಫಿಲ್ ಪಟ್ಟಣದ ಕವಾರ್ಥ್‌ವಾ ಬ್ಯಾಂಡ್. ಕಬ್ಬಿಣದ ಕಾರ್ಖಾನೆಯ ಧಣಿ ರಾಬರ್ಟ್ ಕ್ರಾಶೇ 1838ರಲ್ಲಿ ಅದನ್ನು ಕಟ್ಟಿದ್ದು ಹೆಚ್ಚುಕಡಿಮೆ ತನ್ನ ಮನೆಯ ಶೋಕಿಗೆ. ಹೊರಗಿನಿಂದ ಪಳಗಿದ ವಾದಕರನ್ನು ಕರೆಸಿ ಊರಲ್ಲಿ ನೆಲೆಗೊಳಿಸಿದ. ಆಫಿಕ್ಲೈಡ್‌ನಲ್ಲಿ ಹೆಸರಾದ ಸ್ಯಾಮ್ ಹ್ಯೂಸ್ ಅಲ್ಲಿದ್ದವನೇ.

ಸ್ಪರ್ಧೆಗಳು ಯಾವಾಗ ಶುರುವಾದವು?

ಸಣ್ಣಪುಟ್ಟವು ಮೊದಲಿಂದಲೂ ಇದ್ದವು. 1845ರಲ್ಲಿ ಯಾರ್ಕ್‌ಶೈರ್‌ನ ಬರ್ಟನ್ ಕಾನ್‌ಸ್ಟಬಲ್ ಎಂಬ ಬಂಗಲೆಯ ಆವರಣದಲ್ಲಿ ನಡೆದ ಸ್ಪರ್ಧೆಯ ಹೆಸರು ಹೆಚ್ಚಾಗಿ ಕೇಳುತ್ತದೆ. ಹಲ್ ಪಟ್ಟಣದ ಎಂಡರ್ಬಿ ಜಾಕ್ಸನ್ ಎಂಬ ಉತ್ಸಾಹಿ ತರುಣ ಅಲ್ಲಿದ್ದ. ದನಗಳ ಪ್ರದರ್ಶನದಲ್ಲಿ ಬಹುಮಾನ ಕೊಡುವ ಹಾಗೆ ಬ್ಯಾಂಡುಗಳಿಗೂ ಯಾಕೆ ಕೊಡಬಾರದು ಅನ್ನುವುದು ಅವನ ಯೋಚನೆ. ಮ್ಯಾಂಚೆಸ್ಟರ್‌ನ ಬೆಲ್ ವ್ಯೂ ಉದ್ಯಾನದ ಮಾಲೀಕ ಜಾನ್ ಜೆನಿಸನ್ ಜೊತೆ ಮಾತಾಡಿದ. ಮೃಗಾಲಯ, ಪಟಾಕಿ, ನೃತ್ಯ, ತಿಂಡಿತೀರ್ಥ ಎಲ್ಲ ಇದ್ದ ಜಾಗ ಅದು. 1853ರ ಸೆಪ್ಟೆಂಬರ್ 5, ಸೋಮವಾರ, ಅಲ್ಲಿ ಮೊದಲ ದೊಡ್ಡ ಹಿತ್ತಾಳೆ ಬ್ಯಾಂಡ್ ಸ್ಪರ್ಧೆ ನಡೆಯಿತು. ಬಂದದ್ದು ಎಂಟು ಬ್ಯಾಂಡ್. ಕೇಳಲು ಬಂದವರು ಸಾವಿರ ಸಾವಿರ.

ಗೆದ್ದದ್ದು ಅದೇ ಮದ್ಯಪಾನ ವಿರೋಧಿಗಳ ಬ್ಯಾಂಡ್, ಮಾಸ್ಲಿ ಟೆಂಪರೆನ್ಸ್. ಡಿಸ್ಟಿನ್ ತಂಡದ ಕಚೇರಿ ಕೇಳಿ ಮರುಳಾಗಿ ಅವರು ಹೊಸ ಸ್ಯಾಕ್ಸ್‌ಹಾರ್ನ್‌ಗಳನ್ನು ಕೊಂಡಿದ್ದರು. ಇದನ್ನು ಕಂಡ ಮೇಲೆ ಉಳಿದವರು ಸುಮ್ಮನಿರುತ್ತಾರಾ? ಹಳೇ ಕೀಲಿ ಬ್ಯೂಗಲ್‌ಗಳು ಅಟ್ಟ ಸೇರತೊಡಗಿದವು.

ಅಷ್ಟು ದೂರದ ಸ್ಪರ್ಧೆಗಳಿಗೆ ಹೋಗುತ್ತಿದ್ದದ್ದು ಹೇಗೆ?

ರೈಲಿನಲ್ಲಿ. ಬ್ಯಾಂಡಿನ ಜೊತೆ ಊರೇ ಹೊರಡುತ್ತಿತ್ತು. ಜಾಕ್ಸನ್‌ನ ನಿಜವಾದ ಜಾಣತನ ಇದ್ದದ್ದು ಇಲ್ಲೇ. ರೈಲ್ವೆ ಕಂಪನಿಗಳ ಜೊತೆ ಮಾತಾಡಿ ಕಡಿಮೆ ದರದ ವಿಶೇಷ ರೈಲು ಬಿಡಿಸುತ್ತಿದ್ದ. ಹೊಲ, ಮಿಲ್ಲು ಬಿಟ್ಟರೆ ಬೇರೆ ಕಾಣದವರು ಬ್ಯಾಂಡಿನ ನೆಪದಲ್ಲಿ ದೊಡ್ಡ ಊರು ಕಂಡರು.

ಕ್ವೀನ್ಸ್‌ಬರಿಯವರಿಗೆ ಮಾತ್ರ ರೈಲು ಹಿಡಿಯುವುದೇ ಒಂದು ಸಾಹಸ. 1879ರವರೆಗೆ ಊರಿಗೆ ನಿಲ್ದಾಣವೇ ಇರಲಿಲ್ಲ. ಗುಡ್ಡ ಇಳಿದು ಹ್ಯಾಲಿಫ್ಯಾಕ್ಸ್‌ಗೋ ಬ್ರಾಡ್‌ಫರ್ಡ್‌ಗೋ ಹೋಗಬೇಕು. 1879ರಲ್ಲಿ ನಿಲ್ದಾಣ ಬಂತು, ಊರಿನಿಂದ ನೂರು ಮೀಟರಿಗೂ ಕೆಳಗೆ, ಕಣಿವೆಯಲ್ಲಿ. ಸ್ಪರ್ಧೆ ಮುಗಿಸಿ ನಡುರಾತ್ರಿ ಇಳಿದು, ಬೇಸ್ ವಾದ್ಯ ಹೊತ್ತು ಆ ಏರು ಹತ್ತಿದವರನ್ನು ನೆನೆದರೆ ನನ್ನ ಮೊಣಕಾಲೇ ನೋಯುತ್ತದೆ. ಗೆದ್ದಿದ್ದರೆ ಏರು ಗೊತ್ತಾಗುತ್ತಿರಲಿಲ್ಲವೇನೋ.

ಬ್ಲ್ಯಾಕ್ ಡೈಕ್ ಗೆದ್ದದ್ದು ಎಲ್ಲೆಲ್ಲಿ?

ದೊಡ್ಡ ಹೆಸರು ಬಂದದ್ದು 1860ರ ಜುಲೈನಲ್ಲಿ, ಲಂಡನ್ನಿನ ಸಿಡನ್‌ಹ್ಯಾಮ್‌ನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ. ನಮ್ಮ ಲಾಲ್‌ಬಾಗ್ ಗಾಜಿನ ಮನೆಗೆ ಮಾದರಿ ಅಂತ ಹೇಳುತ್ತಾರಲ್ಲ, ಆ ಗಾಜಿನ ಅರಮನೆ. ಜಾಕ್ಸನ್ ಅಲ್ಲಿ ಎರಡು ದಿನದ ಸ್ಪರ್ಧೆ ಏರ್ಪಡಿಸಿದ್ದ. ಮೊದಲ ದಿನದ ಮೊದಲ ಬಹುಮಾನ ಬ್ಲ್ಯಾಕ್ ಡೈಕ್‌ಗೆ. ಸಂಜೆ ಬ್ಯಾಂಡುಗಳೆಲ್ಲ ಒಟ್ಟಾಗಿ, ಸಾವಿರಕ್ಕೂ ಮೀರಿದ ವಾದಕರು ಒಂದೇ ಸಲ ಊದಿದರು. ಸುತ್ತ ಪೂರ್ತಿ ಗಾಜು. ಒಡೆಯದೆ ಉಳಿದದ್ದೇ ದೊಡ್ಡದು ಅಲ್ವಾ?

ಬೆಲ್ ವ್ಯೂನಲ್ಲಿ 1862, 1863, 1871ರಲ್ಲಿ ಗೆದ್ದರು. ಆಮೇಲೆ 1879, 1880, 1881: ಸಾಲಾಗಿ ಮೂರು ವರ್ಷ. ಹೀಗೆ ಮೂರು ಸಲ ಗೆದ್ದವರಿಗೆ ಚಿನ್ನದ ಪದಕ, ಜೊತೆಗೆ ಮುಂದಿನ ವರ್ಷ ಸ್ಪರ್ಧೆಗೆ ಬರಬೇಡಿ ಅಂತ ನಿಯಮ. ಇವರಿಗಿಂತ ಮುಂಚೆ 1876ರಿಂದ 78ರವರೆಗೆ ಇದೇ ಸಾಧನೆ ಮಾಡಿದ್ದು ಹಡರ್ಸ್‌ಫೀಲ್ಡ್ ಹತ್ತಿರದ ಮೆಲ್ಥಮ್ ಮಿಲ್ಸ್, ಹೊಲಿಗೆ ದಾರದ ಮಿಲ್ಲಿನವರು. ಆಮೇಲೆ 1885ರಿಂದ 87ರವರೆಗೆ ಕಿಂಗ್‌ಸ್ಟನ್ ಮಿಲ್ಸ್. ಆ ಹತ್ತು ಹನ್ನೆರಡು ವರ್ಷ ಬೆಲ್ ವ್ಯೂ ಅಂದರೆ ನೂಲಿನವರ ಮನೆಜಗಳ.

ತೀರ್ಪು ಕೊಡುವವರು ಯಾರು? ಮೋಸ ಇರಲಿಲ್ಲವಾ?

ಮೋಸದ ಅನುಮಾನ ಎಷ್ಟಿತ್ತು ಅಂದರೆ ತೀರ್ಪುಗಾರರನ್ನು ಮುಚ್ಚಿದ ಗುಡಾರದಲ್ಲಿ ಕೂರಿಸುತ್ತಿದ್ದರು. ಯಾವ ಬ್ಯಾಂಡ್ ನುಡಿಸುತ್ತಿದೆ ಅಂತ ಅವರಿಗೆ ಕಾಣಬಾರದು. ನುಡಿಸುವ ಸರದಿಯನ್ನು ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ಒಳಗೆ ಕೂತವರು ಕಿವಿಯಿಂದಲೇ ಅಂಕ ಹಾಕಬೇಕು. ಇಷ್ಟಾದರೂ ಸೋತ ಊರಿನವರಿಗೆ ತೀರ್ಪುಗಾರ ಯಾವಾಗಲೂ ಕಿವುಡ. ಈ ಗುಡಾರದ ಪದ್ಧತಿ ಇಂದಿಗೂ ಇದೆ. ನಮ್ಮ ಸಂಗೀತ ಸ್ಪರ್ಧೆಗಳಿಗೂ ಒಂದು ಗುಡಾರ ಹಾಕಿಸಿದರೆ ಚೆನ್ನ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಕಲಿಸಿದವರು ಯಾರು?

ಮೂರು ಹೆಸರು ಸಾಕು: ಜಾನ್ ಗ್ಲ್ಯಾಡ್ನಿ, ಅಲೆಕ್ಸಾಂಡರ್ ಓವನ್, ಎಡ್ವಿನ್ ಸ್ವಿಫ್ಟ್. 1870ರ ನಂತರ ದೊಡ್ಡ ಸ್ಪರ್ಧೆಗಳೆಲ್ಲ ಹೆಚ್ಚುಕಡಿಮೆ ಈ ಮೂವರ ಜಿದ್ದಾಜಿದ್ದಿ. ಗ್ಲ್ಯಾಡ್ನಿ ಮ್ಯಾಂಚೆಸ್ಟರ್‌ನ ಹಾಲೆ ಆರ್ಕೆಸ್ಟ್ರಾದಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದವನು. ಮೆಲ್ಥಮ್ ಮಿಲ್ಸ್ ಗೆಲುವುಗಳ ಹಿಂದಿದ್ದವನು ಅವನೇ, ಆಮೇಲೆ ಬ್ಲ್ಯಾಕ್ ಡೈಕ್‌ಗೂ ಬಂದ. ಸ್ವಿಫ್ಟ್ ಲಿಂಥ್ವೇಟ್ ಎಂಬ ಹಳ್ಳಿಯವನು, ಮಗ್ಗದ ಮುಂದೆ ಬೆಳೆದವನು. ಓವನ್ ಬೆಸ್ಸಸ್ ಬ್ಯಾಂಡಿನ ಜೀವಾಳ.

ತಮಾಷೆ ಅಂದರೆ ಒಬ್ಬೊಬ್ಬರೂ ಹಲವು ಬ್ಯಾಂಡುಗಳಿಗೆ ಪಾಠ ಹೇಳುತ್ತಿದ್ದರು. ಒಂದೇ ಸ್ಪರ್ಧೆಯಲ್ಲಿ ಒಬ್ಬನೇ ಮೇಷ್ಟ್ರು ಮೂರು ನಾಲ್ಕು ಬ್ಯಾಂಡಿನ ಮುಂದೆ ನಿಂತು ಕೈಬೀಸುತ್ತಿದ್ದದ್ದುಂಟು. ತಿಂಗಳಿಡೀ ಪಾಠ ಮಾಡುವ ಊರಿನ ಬ್ಯಾಂಡ್ ಮಾಸ್ಟರ್ ಬೇರೆ, ಸ್ಪರ್ಧೆಗೆ ಮುಂಚೆ ಬಂದು ಸಾಣೆ ಹಿಡಿಯುವ ಈ ದೊಡ್ಡ ಮೇಷ್ಟ್ರು ಬೇರೆ. ಹೆಸರು ಉಳಿದದ್ದು ದೊಡ್ಡವರದ್ದು.

24, 25 ಜನರ ಈಗಿನ ಲೆಕ್ಕ ಗಟ್ಟಿಯಾದದ್ದೂ ಇವರ ಕಾಲದಲ್ಲೇ. ಕಾರ್ನೆಟ್‌ಗಳು ಹತ್ತು, ಒಂದು ಫ್ಲೂಗಲ್, ಟೆನರ್ ಹಾರ್ನ್ ಮೂರು, ಬ್ಯಾರಿಟೋನ್ ಎರಡು, ಯೂಫೋನಿಯಂ ಎರಡು, ಟ್ರಾಂಬೋನ್ ಮೂರು, ಬೇಸ್ ನಾಲ್ಕು. ಇಂದು ಜಗತ್ತಿನ ಯಾವ ಮೂಲೆಯಲ್ಲಿ ಬ್ರಿಟಿಷ್ ಮಾದರಿಯ ಬ್ಯಾಂಡ್ ಕಂಡರೂ ಎಣಿಸಿ ನೋಡಿ.

ಏನು ನುಡಿಸುತ್ತಿದ್ದರು? ಬರೀ ಮಾರ್ಚ್‌ಗಳಾ?

ಬೀದಿಯಲ್ಲಿ ಮಾರ್ಚ್, ಕ್ರಿಸ್‌ಮಸ್‌ಗೆ ಭಜನೆಯಂಥ ಹಾಡು, ಸಂಜೆ ಕುಣಿತಕ್ಕೆ ಪೋಲ್ಕಾ. ಸ್ಪರ್ಧೆಗೆ ಮಾತ್ರ ಆಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕದ ಸಂಗೀತ. ವರ್ಡಿ, ರೊಸ್ಸಿನಿ, ಮೆಯರ್‌ಬೀರ್ ಮುಂತಾದವರ ಆಪೆರಾಗಳಿಂದ ಒಳ್ಳೊಳ್ಳೇ ಭಾಗ ಆರಿಸಿ, ಹತ್ತು ಹದಿನೈದು ನಿಮಿಷಕ್ಕೆ ಪೋಣಿಸಿ, ಹಿತ್ತಾಳೆಗೆ ಹೊಂದಿಸುತ್ತಿದ್ದರು. ನಾಯಕಿ ಹಾಡುವುದನ್ನು ಕಾರ್ನೆಟ್ ಹಾಡಬೇಕು, ನಾಯಕನ ಪಾಲು ಯೂಫೋನಿಯಂಗೆ. ಆಪೆರಾ ಮಂದಿರದ ಮೆಟ್ಟಿಲನ್ನೇ ಹತ್ತದ ನೇಕಾರರು ವರ್ಡಿಯ ರಾಗಗಳನ್ನು ಗುನುಗುತ್ತ ಮಗ್ಗ ನಡೆಸುತ್ತಿದ್ದರು. ಸಿನಿಮಾ ನೋಡದಿದ್ದರೂ ಅದರ ಹಾಡು ನಮಗೆ ಮದುವೆ ಬ್ಯಾಂಡಿನಿಂದ ಬಾಯಿಪಾಠ ಆಗುತ್ತಿರಲಿಲ್ಲವೇ, ಹಾಗೆ. ಹಿತ್ತಾಳೆ ಬ್ಯಾಂಡಿಗೆಂದೇ ಬರೆದ ದೊಡ್ಡ ಕೃತಿಯನ್ನು ರಾಷ್ಟ್ರಮಟ್ಟದ ಸ್ಪರ್ಧೆಗೆ ಇಟ್ಟದ್ದು 1913ರಷ್ಟು ತಡವಾಗಿ.

ಡ್ರಮ್ ಇರಲಿಲ್ಲವಾ?

ಬೀದಿಯಲ್ಲಿ ಇತ್ತು, ಸ್ಪರ್ಧೆಯ ವೇದಿಕೆಯಲ್ಲಿ ಇಲ್ಲ. ತೀರ್ಪು ಊದುವವರ ನಾದಕ್ಕೆ, ಬಡಿತಕ್ಕಲ್ಲ ಅನ್ನುವ ವಾದ. ಈ ಹಠ 1970ರ ದಶಕದವರೆಗೂ ನಡೆಯಿತು. ನಮ್ಮವರಿಗೆ ಡೋಲಿಲ್ಲದ ವಾಲಗ ಹೇಗಿರಬಹುದು ಅಂತ ಕೇಳಿದರೆ ನಗುತ್ತಾರೆ.

ನಮ್ಮ ಮದುವೆ ಬ್ಯಾಂಡ್ ಸೆಟ್‌ಗೂ ಇದಕ್ಕೂ ಸಂಬಂಧ ಇದೆಯಾ?

ದೂರದ ನೆಂಟಸ್ತಿಕೆ ಇದೆ. ಅದೇ ಮೂರು ಗುಂಡಿಯ ವಾದ್ಯಗಳು, ಅದೇ ಯೂಫೋನಿಯಂ, ಅದೇ ಚಿನ್ನದ ಪಟ್ಟಿಯ ಕೋಟು. ಆದರೆ ನಮ್ಮಲ್ಲಿಗೆ ಬಂದ ದಾರಿ ಬೇರೆ. ಯಾರ್ಕ್‌ಶೈರ್‌ನ ಮಿಲ್ಲುಗಳಿಂದ ಅಲ್ಲ, ಬ್ರಿಟಿಷ್ ಸೇನೆಯ ದಂಡುಗಳಿಂದ. ಅದಕ್ಕೇ ನಮ್ಮ ಬ್ಯಾಂಡುಗಳಲ್ಲಿ ಕ್ಲಾರಿನೆಟ್ ಉಳಿದಿದೆ, ಡ್ರಮ್ ಅಂತೂ ಬಿಡುವ ಹಾಗೇ ಇಲ್ಲ. ಉತ್ತರದ ಮೀರತ್‌ನಲ್ಲಿ, ದಂಡಿನ ಊರಿನಲ್ಲೇ, ವಾದ್ಯ ಮಾಡುವ ಬೀದಿಗಳು ಬೆಳೆದವು. ದೇಶದ ಮದುವೆ ಬ್ಯಾಂಡುಗಳಿಗೆ ಎಷ್ಟೋ ವಾದ್ಯ ಅಲ್ಲಿಂದಲೇ ಬರುತ್ತದೆ.

ಮೈಸೂರಿನದ್ದು ಇನ್ನೊಂದು ಕವಲು. ಅರಮನೆ ಬ್ಯಾಂಡಿನ ಮೂಲವನ್ನು 1868ಕ್ಕೆ ಒಯ್ಯುತ್ತಾರೆ. ಅರಮನೆ ಹೋದ ಮೇಲೆ ಅದು ಪೊಲೀಸ್ ಇಲಾಖೆಗೆ ಸೇರಿತು. ದಸರೆಯಲ್ಲಿ ಕೇಳುವ ಪೊಲೀಸ್ ಬ್ಯಾಂಡಿನ ಬೇರು ಅದೇ. ಪಾಶ್ಚಾತ್ಯ ವಾದ್ಯಗಳ ಬ್ಯಾಂಡ್ ಒಂದು, ಕರ್ನಾಟಕ ಸಂಗೀತದ ಬ್ಯಾಂಡ್ ಇನ್ನೊಂದು, ಎರಡನ್ನೂ ಸಾಕಿದ ಊರು ಅದು. ಮಿಲ್ ಧಣಿಯ ಜಾಗದಲ್ಲಿ ಮಹಾರಾಜರು.

ಮಿಲ್ ಈಗಲೂ ಇದೆಯಾ? ಬ್ಯಾಂಡ್?

ಮಿಲ್ಲಿನ ಕಟ್ಟಡಗಳು ಇನ್ನೂ ಊರಿನ ನಡುವೆ ನಿಂತಿವೆ. ಫಾಸ್ಟರ್ ಕಂಪನಿಯ ನೇಯ್ಗೆ ಅಲ್ಲಿ ಕಳೆದ ಶತಮಾನದ ಕೊನೆಗೇ ನಿಂತುಹೋಯಿತು. 1879ರಲ್ಲಿ ಬಂದ ರೈಲೂ ಈಗಿಲ್ಲ. ಬ್ಯಾಂಡ್ ಇದೆ. 1968ರಲ್ಲಿ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಇವರಿಂದ ಒಂದು ರೆಕಾರ್ಡ್ ಮಾಡಿಸಿದಾಗ ಲೇಬಲ್ ಮೇಲೆ ಕಂಪನಿಯ ಹೆಸರೂ ಸೇರಿ ಉದ್ದಕ್ಕೆ ಅಚ್ಚಾಗಿತ್ತು: ಜಾನ್ ಫಾಸ್ಟರ್ ಆಂಡ್ ಸನ್ಸ್ ಲಿಮಿಟೆಡ್ ಬ್ಲ್ಯಾಕ್ ಡೈಕ್ ಮಿಲ್ಸ್ ಬ್ಯಾಂಡ್. ಈಗ ಹೆಸರಿನಿಂದ "ಮಿಲ್ಸ್" ಕಳಚಿದೆ, ಬರೀ ಬ್ಲ್ಯಾಕ್ ಡೈಕ್ ಬ್ಯಾಂಡ್. ಅಭ್ಯಾಸ ಈಗಲೂ ಕ್ವೀನ್ಸ್‌ಬರಿಯಲ್ಲೇ.

ಮೊದಲ ಸಲ ಕೇಳುವವರು ಏನು ಗಮನಿಸಬೇಕು?

ಜೋರು ಭಾಗವನ್ನು ಬಿಡಿ, ಅದು ಎಲ್ಲರಿಗೂ ಕೇಳುತ್ತದೆ. ಮೆಲ್ಲಗೆ ನುಡಿಸುವ ಕಡೆ ಕಿವಿ ಕೊಡಿ. ಇಪ್ಪತ್ತೈದು ಜನ ಪಿಸುಮಾತಿನಷ್ಟು ಸಣ್ಣಗೆ, ಒಂದೇ ಉಸಿರಿನ ಹಾಗೆ ಊದುವಾಗ ತುಟಿ ಒಂದು ಕೂದಲೆಳೆ ತಪ್ಪಿದರೂ ಸ್ವರ ಒಡೆಯುತ್ತದೆ. ಬೆಲ್ ವ್ಯೂನ ಗುಡಾರದೊಳಗೆ ಕೂತವರು ಪೆನ್ಸಿಲ್ ಹಿಡಿದು ಕಾಯುತ್ತಿದ್ದದ್ದು ಆ ಜಾಗಕ್ಕೇ.